ಉಸಾಬರಿ ಹಾವಗೆಪ್ಪನ ಫಿರ್ಯಾದು

ಭಾಲ್ಕಿಯ ಬಜಾರಿಗೆ ಒಂದು ಚಟವಿತ್ತು. ಯಾರಲ್ಲಿ ಏನು ಕುಂದು ಕಂಡರೂ ಅದಕ್ಕೊಂದು ಹೆಸರಿಟ್ಟು ಆ ಮನುಷ್ಯನಿಗೆ ಅಂಟಿಸಿಬಿಡುತ್ತಿತ್ತು. ಗೊಣಗ, ಮರೆಗುಳಿ, ಕಂಜೂಸ, ಬಾಯಿಬಡುಕಿ. ಹೆಸರು ಬಿದ್ದವರು ನಾಲ್ಕು ದಿನ ಮುಖ ಊದಿಸಿಕೊಂಡಿದ್ದು, ಐದನೆಯ ದಿನ ಅದಕ್ಕೇ ಓಗೊಡುತ್ತಿದ್ದರು. ಇಂಥ ಊರಿನಿಂದ ಹೆಸರಿಗಾಗಿ ಬೀದರದ ಕೋರ್ಟು ಕಚೇರಿ ಮೆಟ್ಟಿಲು ಹತ್ತಿದವನು ಹಾವಗೆಪ್ಪ ಒಬ್ಬನೇ.

ನಡೆದದ್ದು ಇಷ್ಟೇ. ಭಾತಂಬ್ರಾದ ಕುರುಬ ಧೊಂಡಿಬಾ ಸಂತೆಯಲ್ಲಿ ತನ್ನ ಟಗರನ್ನು ಕಟ್ಟುತ್ತಿದ್ದ. ದಾರಿಯಲ್ಲಿ ತನ್ನ ಪಾಡಿಗೆ ಹೋಗಬೇಕಾದ ಹಾವಗೆಪ್ಪ ನಿಂತು, ಗಂಟು ಹಾಗಲ್ಲ ಹೀಗೆ ಎಂದು ಹಗ್ಗಕ್ಕೆ ಕೈ ಹಾಕಿದ. ಟಗರು ಬಿಡಿಸಿಕೊಂಡು ಕುಂಬಾರನ ಮಡಕೆಗಳ ಮೇಲೆ ನುಗ್ಗಿತು. ಧೊಂಡಿಬಾ ತಲೆ ಚಚ್ಚಿಕೊಂಡ.

"ಊರ ಉಸಾಬರಿ ಎಲ್ಲಾ ನಿಮಗ್ಯಾಕ್ರೀ, ಉಸಾಬರಿ ಹಾವಗೆಪ್ಪಾರ!"

ಇಡೀ ಸಂತೆ ನಕ್ಕಿತು. ಸಂಜೆಯೊಳಗೆ ಹೆಸರು ಊರ ತುಂಬ ಹರಡಿತ್ತು.

ನಗುವವರು ನಗಲಿ ಎಂದು ಬಿಡಬಹುದಿತ್ತು. ಆದರೆ ಮೊಮ್ಮಗಳು ಶಿವಕಾಂತಾಳ ನಿಶ್ಚಯಕ್ಕೆ ಔರಾದದ ಬೀಗರು ಹೇಳಿ ಕಳಿಸಿದರು: "ಎಲ್ಲಾರೂ ಬರ್ರಿ. ಉಸಾಬರಿ ಅಜ್ಜಾರು ಮನ್ಯಾಗ ಇರ್ಲಿ." ಅವನೇ ಎತ್ತಿ ಆಡಿಸಿದ ಕೂಸು ಅದು. ಹಾವಗೆಪ್ಪ ಅಂದು ಊಟ ಮಾಡಲಿಲ್ಲ. ಆ ಹೆಸರು ಸುಳ್ಳೆಂದು ಸರ್ಕಾರದ ಮೊಹರು ಬಿದ್ದ ಕಾಗದ ತಂದು ಬೀಗರ ಮುಂದೆ ಹಿಡಿಯುತ್ತೇನೆ ಎಂದು ಧೊಂಡಿಬಾನ ಮೇಲೆ ಫಿರ್ಯಾದು ಹಾಕಿದ.

ಆಗಿನ್ನೂ ಕಚೇರಿಯ ಬರಹವೆಲ್ಲ ಉರ್ದು. ಕಡತ ನೋಡಿಕೊಳ್ಳುವ ಪೇಶಕಾರ ಜಹೀರೋದ್ದೀನ ಬರೆಯುತ್ತ ಬರೆಯುತ್ತ ತಲೆ ಎತ್ತಿ ಕೇಳಿದ: "ಉಸಾಬರಿ ಅಂದ್ರ ಏನ್ರಿ?"

"ತನಗ ಸಂಬಂಧ ಇಲ್ಲದ್ದರಾಗ ಕೈ ಹಾಕೋದ್ರಿ. ನಿಮ್ಮ ಶಾಯಿ ದೌತಿ ಮೇಜಿನ ಅಂಚಿಗಿ ಬಂದದ ನೋಡ್ರಿ," ಎಂದು ಹಾವಗೆಪ್ಪ ದೌತಿಯನ್ನು ತಾನೇ ಒಳಗೆ ಸರಿಸಿದ.

ಮುನ್ಸಿಫ್ ಸಾಹೇಬರು ಧೊಂಡಿಬಾನತ್ತ ತಿರುಗಿದರು. "ಈ ಮಾತು ಅಂದಿಯೇನು?"

"ಅಂದೀನ್ರಿ."

"ಯಾಕ?"

ಧೊಂಡಿಬಾ ಮುಂಡಾಸ ತೆಗೆದು ಕೈಯಲ್ಲಿ ಹಿಡಿದುಕೊಂಡ. "ತಪ್ಪಾತ್ರಿ ಹುಜೂರ್. ಏನ್ ಸಜಾ ಕೊಟ್ರೂ ಆಗ್ಲಿರಿ."

ಸಾಹೇಬರು ಲೇಖನಿ ಅದ್ದಿದರು. ಅವರು ಒಂದು ಸಾಲು ಬರೆದರೆ ಹಾವಗೆಪ್ಪ ಗೆದ್ದಂತೆ. ಅವನು ಬಾಯಿ ಮುಚ್ಚಿಕೊಂಡು ನಿಂತರೆ ಸಾಕಿತ್ತು. ನಿಲ್ಲಬೇಕಲ್ಲ! ಒಬ್ಬ ಮನುಷ್ಯ ಇಷ್ಟು ಕೆಟ್ಟದಾಗಿ ಕೇಸು ಸೋಲುವುದನ್ನು ನೋಡಿಕೊಂಡಿರುವುದು ಅವನಿಂದಾಗಲಿಲ್ಲ.

"ಹಾಂಗ ಹೇಳ್ತಾರೇನೋ ಹುಚ್ಚಾ!" ಎಂದು ಮುಂದೆ ಬಂದೇಬಿಟ್ಟ. "ಹುಜೂರ್, ಇವಗ ಮಾತು ಬರಂಗಿಲ್ರಿ, ನಾ ಹೇಳ್ತೇನಿ. ಟಗರು ಯಾರದು? ಇವಂದು. ಹಗ್ಗ ಯಾರದು? ಇವಂದು. ನಡುವ ಕೈ ಹಾಕಿದವ್ರು ಯಾರ್ರಿ? ಒಡದ ಮಡಕಿ ಸಲುವಾಗಿ ಈ ಬಡವ ಕುಂಬಾರಗ ಎರಡು ದಿನ ಮಣ್ಣು ಹೊತ್ತಾನ್ರಿ. ಅಂಥವ ಸಿಟ್ಟಿನಾಗ ಒಂದು ಮಾತು ಅಂದಾನ. ಇದ್ದದ್ದು ಇದ್ದಾಂಗ ಅಂದ್ರ ಗುನ್ಹಾ ಹ್ಯಾಂಗ ಆಗ್ತದರಿ?"

ಸಾಹೇಬರು ಚಷ್ಮಾ ತೆಗೆದರು.

"ನೀವು ಫಿರ್ಯಾದಿನೋ, ಇವನ ವಕೀಲರೋ?"

ಬೇರೆ ಸಾಕ್ಷಿ ಬೇಕಾಗಿಲ್ಲ ಎಂದು ಸಾಹೇಬರು ನಗು ನುಂಗಿಕೊಂಡು ಕೇಸು ವಜಾ ಮಾಡಿದರು.

ಹೊರಗೆ ಬಂದೊಡನೆ ಧೊಂಡಿಬಾ ಕಾಲಿಗೆ ಬಿದ್ದ. "ನೀವು ಇರ್ಲಿಲ್ಲಂದ್ರ ನನ್ನ ಗತಿ ಏನಾಗ್ತಿತ್ತರಿ ಅಪ್ಪಾರ?"

"ನಾ ಇರ್ಲಿಲ್ಲಂದ್ರ ನೀ ಇಲ್ಲಿಗಿ ಬರೋದೇ ಇರ್ತಿದ್ದಿಲ್ಲೋ ತಮ್ಮಾ," ಎಂದ ಹಾವಗೆಪ್ಪ. ಅವನ ಕಣ್ಣು ತುಂಬಿತು. "ಕಾಗದ ಹೋತು. ಕೂಸಿನ ನಿಶ್ಚಯಕ್ಕ ಹೋಗೋದೂ ಹೋತು." ಬೀಗರು ಹೇಳಿ ಕಳಿಸಿದ್ದನ್ನು ಅವನಿಗೆ ಹೇಳಿದ.

ಧೊಂಡಿಬಾ ಎದ್ದು ನಿಂತ. "ನಾ ಔರಾದಕ್ಕ ಬರ್ತೇನ್ರಿ. ಇವ್ರು ಉಸಾಬರಿ ಮನಷ್ಯಾ ಖರೇ, ಆದ್ರ ಆ ಉಸಾಬರಿನೇ ನನ್ನ ಉಳಿಸ್ತು ಅಂತ ಬೀಗರ ಮುಂದ ಹೇಳ್ತೇನ್ರಿ."

ಹಾವಗೆಪ್ಪ ಕಣ್ಣೊರಸಿಕೊಂಡು ಅವನನ್ನು ಮೇಲಿಂದ ಕೆಳಗೆ ನೋಡಿದ.

"ನಿನಗ ಹೇಳ್ಲಿಕ್ಕಿ ಬರ್ತದೇನೋ? ಮೊದ್ಲು ಆ ಮುಂಡಾಸ ನೆಟ್ಟಗ ಸುತ್ತು. ಹೋದ ಕೂಡ್ಲೆ ಶರಣಾರ್ಥಿ ಅನ್ಬೇಕು. ನನ್ನ ಹೆಸರು ಆಮ್ಯಾಲ ತಗೀಬೇಕು..."

ಇಬ್ಬರೂ ಹತ್ತಿದ ಬಂಡಿ ಭಾಲ್ಕಿ ಮುಟ್ಟಿದಾಗಲೂ ಪಾಠ ಮುಗಿದಿರಲಿಲ್ಲ.