ಶನಿವಾರದ ಮಾತ್ರೆ

ಹಿರೀಸಾವೆಯಿಂದ ಬಸ್ಸಿನಲ್ಲಿ ಬಂದು ಹಾಸನದ ಆಸ್ಪತ್ರೆಯ ಬೆಂಚಿನ ಮೇಲೆ ಗಂಡ ಹೆಂಡತಿ ಕೂತು ಮೂರು ಗಂಟೆಯಾಗಿತ್ತು. ರೂಪಶ್ರೀಯ ಸೊಂಟ ಬಿದ್ದುಹೋಗಿತ್ತು. ನಸುಕಿನಲ್ಲೇ ಎದ್ದು, ಹೆದ್ದಾರಿ ಪಕ್ಕದ ತಮ್ಮ ಹೋಟೆಲಿನ ಇಡ್ಲಿ ಬೇಯಿಸಿ, ಚಟ್ನಿ ರುಬ್ಬಿ, ನೆರೆಮನೆಯ ಬೈರಯ್ಯನನ್ನು ಗಲ್ಲಾದಲ್ಲಿ ಕೂರಿಸಿ ಹೊರಟಿದ್ದಳು. ಎರಡು ವರ್ಷದಿಂದ ಇದೇ ಪಾಡು. ಮೂರು ತಿಂಗಳಿಗೊಮ್ಮೆ ರಕ್ತ ಕೊಡು, ಕಾಯಿ, ರಿಪೋರ್ಟು ನೋಡು, ಮತ್ತೆ ಕಾಯಿ. ರೋಗ ಗಂಡ ಶಶಿಕುಮಾರನದು, ಸುಸ್ತು ಇಬ್ಬರದೂ.

ರಕ್ತದ ಕ್ಯಾನ್ಸರ್ ಎಂದು ಕೇಳಿದ ದಿನ ಊರವರು ಅವನ ತಿಥಿ ಊಟಕ್ಕೆ ಎಲೆ ಹಾಸಿಯೇ ಬಿಟ್ಟಿದ್ದರು. ದಿನಕ್ಕೊಂದು ಮಾತ್ರೆ ನುಂಗಿಕೊಂಡು ಅವನು ದೋಸೆ ಕಲ್ಲಿನ ಮುಂದೆ ನಿಂತದ್ದನ್ನು ಕಂಡ ಮೇಲೆ, "ಏನೋ ಬುಡ್ರಪ್ಪ, ಆಯಸ್ಸು ಗಟ್ಟಿ ಐತೆ" ಎಂದು ಸುಮ್ಮನಾದರು.

ಹೆಸರು ಕೂಗಿದರು. ಒಳಗೆ ಡಾಕ್ಟರ್ ಭವ್ಯಶ್ರೀ ರಿಪೋರ್ಟಿನಿಂದ ತಲೆ ಎತ್ತಲಿಲ್ಲ.

"ಇಳೀತಾ ಇದ್ದ ಕೆಟ್ಟ ಕಣದ ನಂಬರು ಏರಿದೆ. ಇದು ಎರಡನೇ ಸಲ. ಮಾತ್ರೆ ಬಿಟ್ಟಿದ್ರಾ?"

"ಇಲ್ಲ ಮೇಡಂ, ಒಂದಿನಾನೂ ಇಲ್ಲ," ಎಂದ ಶಶಿಕುಮಾರ, ಗೋಡೆ ನೋಡಿಕೊಂಡು.

"ಹಾಗಾದ್ರೆ ಈ ಮಾತ್ರೆಗೆ ನಿಮ್ಮ ಕಾಯಿಲೆ ಬಗ್ತಿಲ್ಲ ಅಂತ ಅರ್ಥ. ಇನ್ನೂ ಗಟ್ಟಿ ಔಷಧಿಗೆ ಹೋಗ್ಬೇಕು. ಅದಕ್ಕೂ ಬಗ್ಗದೇ ಹೋದ್ರೆ ಕಷ್ಟ ಇದೆ."

ರೂಪಶ್ರೀಗೆ ಗೊತ್ತಿತ್ತು. ಗಂಡ ಹಸಿ ಹಸಿ ಸುಳ್ಳು ಹೇಳಿದ್ದ. ಅದೂ ಅವಳನ್ನು ಕಾಯುವುದಕ್ಕೆ.

ಕಳೆದ ವರ್ಷ ಮನೆದೇವರಿಗೆ ಹರಕೆ ಹೊತ್ತವಳು ಅವಳೇ. ರೋಗ ಪೂರಾ ಹೋಗುವ ತನಕ ಶನಿವಾರ ಗಂಡ ಅನ್ನ, ತಿಂಡಿ ಮುಟ್ಟುವುದಿಲ್ಲ, ಬರೀ ಹಾಲು ಬಾಳೆಹಣ್ಣು. ಹೊಟ್ಟೆ ಅವನದು, ಹರಕೆ ಇವಳದು, ನೋಡಿ ಹೇಗಿದೆ! ಮಾತ್ರೆಯೋ, ಹೊಟ್ಟೆ ತುಂಬ ಉಂಡ ಮೇಲೆ ನುಂಗಬೇಕಾದದ್ದು. ಮೊದಲ ಶನಿವಾರ ಅವನು ಕರುಳು ಕಿತ್ತು ಬರುವ ಹಾಗೆ ವಾಂತಿ ಮಾಡಿದ. ಅವತ್ತೇ ಅವಳು ತೀರ್ಮಾನ ಕೊಟ್ಟಿದ್ದಳು: "ಆರು ದಿನ ಮಾತ್ರೆದು, ಒಂದಿನ ದೇವ್ರುದು. ಒಂದಿನಕ್ಕೆ ಏನಾಯ್ತದೆ?" ಅವನು ತುಟಿ ಪಿಟಕ್ಕೆನ್ನದೆ ಒಪ್ಪಿದ್ದ.

"ಬಿಟ್ಟವ್ರೆ ಮೇಡಂ," ಎಂದಳು ರೂಪಶ್ರೀ. "ಪ್ರತಿ ಶನಿವಾರ ಬಿಟ್ಟವ್ರೆ. ನಾನೇ ಬಿಡಿಸಿದ್ದು." ಹರಕೆಯ ಕತೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಬೈಗುಳ ಬೀಳುತ್ತದೆಂದು ತಲೆ ತಗ್ಗಿಸಿದವಳಿಗೆ ಬೈಗುಳ ಬೀಳಲಿಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟರು.

"ನೋಡಿ, ನಮ್ಮ ರಕ್ತದ ಒಂದೊಂದು ಕಣಕ್ಕೂ ಯಾವಾಗ ಸಾಯ್ಬೇಕು ಅನ್ನೋದು ಅದರೊಳಗೇ ಇರುತ್ತೆ. ಕಾಲ ಬಂದಾಗ ತಾನೇ ಮುದುಡಿ, ಚೂರಾಗಿ ಹೋಗುತ್ತೆ. ಇವರ ಕೆಟ್ಟ ಕಣದೊಳಗೆ ಒಂದು ಹಾಳು ಬಾಯಿ 'ಸಾಯ್ಬೇಡ, ಬೆಳಿ, ಬೆಳಿ' ಅಂತ ಅರಚ್ತಾನೇ ಇರುತ್ತೆ. ಮಾತ್ರೆ ಆ ಬಾಯಿ ಮುಚ್ಚುತ್ತೆ."

"ಅಂಗಾರೆ ಮಾತ್ರೆ ಅದುನ್ನ ಕೊಲ್ಲಾಕಿಲ್ವಾ?"

"ವಿಷ ಹಾಕಿ ಕೊಂದ ಹಾಗಲ್ಲಮ್ಮ. ಅರಚೋದು ನಿಂತ್ರೆ ಕಣಕ್ಕೆ ಸಾಯೋದು ನೆನಪಾಗುತ್ತೆ, ತಾನೇ ಸಾಯುತ್ತೆ. ಮಾತ್ರೆ ಇಲ್ಲದ ದಿನ ಆ ಬಾಯಿ ಮತ್ತೆ ತೆರೆಯುತ್ತೆ. ವಾರಕ್ಕೊಂದಿನ ನೀವೇ ತೆರೆಸಿದೀರ."

ಇನ್ನೊಂದು ಟೆಸ್ಟಿಗೆ ರಕ್ತ ತೆಗೆದರು. ಮಾತ್ರೆ ಇನ್ನೂ ಕೆಲಸ ಮಾಡುತ್ತದೋ, ಇಲ್ಲ ಕೆಟ್ಟ ಕಣ ಅದಕ್ಕೆ ಪಳಗಿಬಿಟ್ಟಿದೆಯೋ, ಈಗಲೇ ಹೇಳಲಾಗದು ಎಂದರು ಡಾಕ್ಟರು. ಮೂರು ತಿಂಗಳು ಒಂದು ದಿನವೂ ತಪ್ಪದೆ ನುಂಗಬೇಕು, ಇವತ್ತಿನಿಂದಲೇ. ಇವತ್ತೂ ಶನಿವಾರವೇ.

ಆಸ್ಪತ್ರೆಯ ಎದುರಿನ ಕ್ಯಾಂಟೀನಿನಲ್ಲಿ ರೂಪಶ್ರೀ ಎರಡು ಊಟ ಹೇಳಿದಳು. ಶಶಿಕುಮಾರ ತಟ್ಟೆಯನ್ನು ಮುಟ್ಟಲಿಲ್ಲ.

"ತಿನ್ನಿ."

"ನಾಳೆಯಿಂದ ಸುರು ಮಾಡನ ಬುಡು."

"ದೇವ್ರ ಭಯಾನಾ? ಹರಕೆ ಹೊತ್ತೋಳು ನಾನು, ಮುರ್ದ ಪಾಪಾನೂ ನಂಗೇ ಬರ್ಲಿ. ಮೂರ್ಖ ಮುಂಡೇದು ನಾನು! ನೀವಾದ್ರೂ ಒಂದ್ಮಾತು ಆಗಕಿಲ್ಲ ಅನ್ಬಾರ್ದಿತ್ತಾ?" ಅವಳ ದನಿ ಏರಿತ್ತು. ಪಕ್ಕದ ಮೇಜಿನವರು ತಿರುಗಿ ನೋಡಿದರು. ನೋಡಲಿ, ಅವರ ಮನೆಗಂಟು ಹೋಗುವುದೇನು?

ಶಶಿಕುಮಾರ ಲೋಟದ ನೀರನ್ನು ಸುಮ್ಮನೆ ಅಲ್ಲಾಡಿಸಿದ.

"ನಂಗ್ಯಾವ ದೇವ್ರ ಭಯಾನೂ ಇಲ್ಲ ಕಣೆ. ಕಾಯ್ಲೆ ಬಂದಾಗ್ಲಿಂದ ದಿನಾ ಒಲೆ ಮುಂದೆ ಕುಂತ್ಕೊಂಡು ಅಳೋಳು ನೀನು. ಹೊಗೆ ಅಂತಿದ್ದೆ, ಗ್ಯಾಸ್ ಒಲೇಲಿ ಯಾವ ಹೊಗೆ? ಹರಕೆ ಸುರುವಾದ್ಮೇಲೆ ಶನಿವಾರ ಒಂದಿನ ನೀನು ಅಳ್ತಿರ್ಲಿಲ್ಲ. ನೆಮ್ಮದಿಯಾಗಿ ಇರ್ತಿದ್ದೆ. ನನ್ನ ಕೈಲಿ ಆಯ್ತಿದ್ದಿದ್ದು ಅದೊಂದೇಯ, ಅದ್ಕೇ ಸುಮ್ಕಿದ್ದೆ."

ಒಂದು ವರ್ಷದ ಶನಿವಾರಗಳೆಲ್ಲ ರೂಪಶ್ರೀಯ ಕಣ್ಣ ಮುಂದೆ ಬಂದು ನಿಂತವು. ಅವತ್ತು ತಾನು ಹಗುರವಾಗಿ ತಿರುಗಾಡುತ್ತಿದ್ದಾಗ ಅವನೊಳಗೆ ಆ ಹಾಳು ಬಾಯಿ ಅರಚುತ್ತಿತ್ತು. ಅವಳು ಸಾರನ್ನ ಕಲಸಿದಳು. ಹತ್ತು ಜನರ ಎದುರಿಗೇ ಒಂದು ತುತ್ತು ಮಾಡಿ ಅವನ ಬಾಯಿಯ ಹತ್ತಿರ ಹಿಡಿದಳು.

"ಇನ್ಮೇಲೆ ಶನಿವಾರಾನೂ ಅಳ್ತೀನಿ," ಎಂದಳು. "ನೀವು ತಿನ್ನಿ."