ಉಗುರುಸುತ್ತು

ಡಾಕ್ಟರ್ ಗುರುಬಸಮ್ಮನ ಬಲಗೈ ತೋರುಬೆರಳಿಗೆ ಉಗುರುಸುತ್ತು ಆದದ್ದು ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ. ಕೂಡ್ಲಿಗಿಗೂ ಕೊಟ್ಟೂರಿಗೂ ನಡುವಿನ ಒಂದು ಊರಿನ ಸಣ್ಣ ಹೆರಿಗೆ ಆಸ್ಪತ್ರೆಗೆ ಆಕೆ ಒಬ್ಬಳೇ ಡಾಕ್ಟರು. ತಾನೇ ಬೆರಳು ಕೊಯ್ದು, ಕೀವು ತೆಗೆದು, ಬಟ್ಟೆ ಸುತ್ತಿ ಕೆಲಸಕ್ಕೆ ನಿಂತಳು. ಕೈಗವಸುಗಳೇನೋ ಇದ್ದವು. ಆದರೆ ಕುದಿಸಿ ಕುದಿಸಿ ಅವುಗಳ ಬೆರಳ ತುದಿಗಳೆಲ್ಲ ಬಿರಿದಿದ್ದವು. ಹೊಸವು ಬಂದಿರಲಿಲ್ಲ.

ಆ ವಾರ ಪಕ್ಕದ ಹಳ್ಳಿಯ ಹಂಪಮ್ಮ ಗಂಡು ಹೆತ್ತಳು. ಸಲೀಸಾದ ಹೆರಿಗೆ. ಮನೆಗೆ ಕಳಿಸುವ ಮುಂಚೆಯೇ ಆಕೆಗೆ ಚಳಿಜ್ವರ ಹತ್ತಿತು, ಹೊಟ್ಟೆ ಉಬ್ಬಿತು, ಸ್ರಾವ ನಾರತೊಡಗಿತು. ಪೆನಿಸಿಲಿನ್‌ಗೂ ಜ್ವರ ಇಳಿಯಲಿಲ್ಲ. ಮಗುವನ್ನು ಮಗ್ಗುಲಿಗೆ ಕೊಡಿ ಎಂದು ಕೇಳುತ್ತಲೇ ಹಂಪಮ್ಮ ತೀರಿಕೊಂಡಳು.

ಮುಂದಿನ ಬಾಣಂತಿಗೂ ಜ್ವರ ಬಂತು. ಆಕೆಯ ಮಂಚದ ಬಳಿ ನಿಂತಿದ್ದ ಗುರುಬಸಮ್ಮ ಮೆಲ್ಲಗೆ ತನ್ನ ಬೆರಳ ಬಟ್ಟೆ ಬಿಚ್ಚಿ ನೋಡಿದಳು. ಉಗುರಿನ ಅಂಚಿನಲ್ಲಿ ಕೀವು ಒಸರುತ್ತಿತ್ತು. ಡಾಕ್ಟರ ಕೈಯಿಂದ ಬಾಣಂತಿಗೆ ನಂಜು ಹೇಗೆ ಏರುತ್ತದೆಂದು ಆಕೆ ಕಾಲೇಜಿನಲ್ಲಿ ಓದಿದ್ದಳು, ಹೊಸ ನರ್ಸುಗಳಿಗೆ ಪಾಠವನ್ನೂ ಮಾಡಿದ್ದಳು.

“ದುರುಗಮ್ಮ, ಹಂಪಮ್ಮನ್ನ ಕೊಂದಾಕಿ ನಾನ,” ಎಂದಳು ನರ್ಸಿಗೆ.

“ಹಂಗನ್ನಬ್ಯಾಡ್ರಿ ಅಮ್ಮಾರ. ಗವಸು ಹರದಿದ್ರ ನೀವೇನ್ ಮಾಡ್ತೀರಿ?”

“ಹರದಿದ್ದು ನನಗ ಗೊತ್ತಿತ್ತು.”

ಎರಡನೆಯವಳು ಹೇಗೋ ಉಳಿದಳು. ಬೆರಳು ವಾಸಿಯಾಗುವವರೆಗೆ ಯಾವ ಬಸುರಿಯನ್ನೂ ಮುಟ್ಟುವುದಿಲ್ಲವೆಂದು ಗುರುಬಸಮ್ಮ ನಿಶ್ಚಯಿಸಿದಳು. ಬದಲಿ ಡಾಕ್ಟರನ್ನು ಕೇಳಿದಳು. ಯಾರೂ ಬರಲಿಲ್ಲ. ಸಾದಾ ಹೆರಿಗೆಗಳನ್ನು ದುರುಗಮ್ಮನೇ ಮಾಡಿಸುತ್ತಿದ್ದಳು.

ಒಂದು ಮಧ್ಯಾಹ್ನ ಕಾನಹೊಸಹಳ್ಳಿ ಕಡೆಯಿಂದ ಸ್ಕೂಲ್ ಜವಾನ ಓಬಳೇಶ ತನ್ನ ಹೆಂಡತಿ ಮಾಳಮ್ಮನನ್ನು ಕರೆತಂದ. ಕೂಸು ಅಡ್ಡ ಮಲಗಿತ್ತು, ಒಂದು ಕೈ ಹೊರಗೆ ಬಂದಿತ್ತು. ಒಳಗೆ ಕೈಹಾಕಿ ತಿರುಗಿಸಬೇಕು. ದುರುಗಮ್ಮನಿಗೆ ಅದು ಬಾರದು.

“ದಾವಣಗೆರಿಗೆ ಒಯ್ಯಪ್ಪ,” ಎಂದಳು ಗುರುಬಸಮ್ಮ. “ನನ್ನ ಬೆರಳಾಗ ಕೀವೈತಿ. ನಾ ಮುಟ್ಟಿದ್ರ ನಿನ್ನ ಹೆಂಡತಿಗೆ ನಂಜು ಏರತೈತಿ.”

“ನಂಜು ಏರಿದ್ರ ಸೂಜಿ ಮಾಡ್ರಿ. ಅಷ್ಟು ದೂರ ತಡಿಯಂಗಿಲ್ರಿ ಆಕಿ.”

“ಸೂಜಿ ಮಾಡಿದ್ರೂ ಒಬ್ಬಾಕಿ ಹೋದ್ಲು.”

ಅವನು ಮತ್ತೆ ಬೇಡಲಿಲ್ಲ. ಆಸ್ಪತ್ರೆಯ ಜೀಪು ಕೆಟ್ಟು ನಿಂತಿತ್ತು. ಶೇಂಗಾ ಚೀಲ ಹೇರಿದ್ದ ಲಾರಿಯೊಂದನ್ನು ನಿಲ್ಲಿಸಿ, ಚೀಲಗಳ ಮೇಲೆ ಕೌದಿ ಹಾಸಿ, ಮಾಳಮ್ಮನನ್ನು ಮಲಗಿಸಿದರು. ಹರಪನಹಳ್ಳಿ ಬರುವ ಮುಂಚೆಯೇ ಅವಳೂ ಕೂಸೂ ಹೋಗಿಬಿಟ್ಟರು.

ಮಣ್ಣು ಮುಗಿಸಿದ ಮೇಲೆ ಓಬಳೇಶ ಒಬ್ಬನೇ ಆಸ್ಪತ್ರೆಗೆ ಬಂದ. ಜಗಳಕ್ಕೆ ಬಂದಿರಬೇಕೆಂದು ದುರುಗಮ್ಮ ಬಾಗಿಲಿಗೆ ಅಡ್ಡ ನಿಂತಳು. ಅವನು ದನಿ ಏರಿಸಲಿಲ್ಲ.

“ನೀವು ಮುಟ್ಟಿದ್ರ ಉಳೀತಿದ್ಲೇನ್ರಿ?”

“ಉಳೀಬಹುದಿತ್ತು,” ಎಂದಳು ಗುರುಬಸಮ್ಮ. “ಆಮ್ಯಾಲ ನಂಜಿನಾಗ ಹೋಗಬಹುದಿತ್ತು. ನನಗ ತಿಳಿವಲ್ದಪ್ಪ.”

ಓಬಳೇಶ ತಲೆಯಾಡಿಸಿದ. ಬಂದ ದಾರಿಯಲ್ಲೇ ಹೊರಟುಹೋದ.

ಮರುದಿನ ಗುರುಬಸಮ್ಮ ಹಂಪಮ್ಮನ ತವರಿಗೆ ಹೋದಳು. ತಾಯಿ ಬಸಲಿಂಗಮ್ಮ ಮೊಮ್ಮಗನಿಗೆ ಒಳಲೆಯಲ್ಲಿ ಮೇಕೆ ಹಾಲು ಹನಿಸುತ್ತಿದ್ದಳು. ಗುರುಬಸಮ್ಮ ಅವಳೆದುರು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು: ಬೆರಳು, ಕೀವು, ಹರಿದ ಗವಸು. ಬೈಯಲಿ, ಬೇಕಾದರೆ ಎದ್ದು ಹೊಡೆಯಲಿ ಎಂದು ಕಾದಳು.

ಬಸಲಿಂಗಮ್ಮ ಸೆರಗಿನಿಂದ ಕೂಸಿನ ಬಾಯಿ ಒರೆಸಿದಳು. “ಆಕಿ ಹಣಿಯಾಗ ಅಷ್ಟ ಬರದಿತ್ತು ತಾಯಿ. ನಿಮ್ಮ ಕೈಯಾಗ ಏನೈತಿ?”

“ಇಲ್ಲಬೇ, ನನ್ನ ಕೈಯಾಗ ಇತ್ತು.”

ಮುದುಕಿಗೆ ಆ ಮಾತು ಇಳಿಯಲಿಲ್ಲ. ಒಳಗೆ ತಿರುಗಿ ಕರೆದಳು. ಹಂಪಮ್ಮನ ತಂಗಿ ಗೋಡೆ ಹಿಡಿದುಕೊಂಡು ಬಂದು ನಿಂತಳು, ತುಂಬು ಬಸುರಿ.

“ಈಕಿಗೂ ದಿನ ತುಂಬ್ಯಾವ. ನೀವ ಮಾಡಿಸ್ರಿ. ಬ್ಯಾರೆ ಯಾರದಾರ ನಮಗ?”

ಗುರುಬಸಮ್ಮ ಆ ಹುಡುಗಿಯ ಮುಖ ನೋಡಿದಳು. ಬೇಡವೆನ್ನಲು ಬಾಯಿ ತೆರೆದರೆ ಲಾರಿಯ ಮೇಲಿನ ಮಾಳಮ್ಮ ಕಣ್ಣಿಗೆ ಬಂದಳು. ಬೆರಳ ಕೀವು ಇನ್ನೂ ಒಣಗಿರಲಿಲ್ಲ, ಆಗಲಿ ಎನ್ನಲೂ ಆಗಲಿಲ್ಲ. ಬಸಲಿಂಗಮ್ಮ ಉತ್ತರಕ್ಕೆ ಕಾಯುತ್ತಿದ್ದಳು.