ಮಂಡಕಳ್ಳಿಯ ಒಂದೂಕಾಲು ಎಕರೆ

ಹಿನಕಲ್‌ನ ಖಾಲಿ ಸೈಟಿಗೆ ಜಲ್ಲಿಯ ಲೋಡು ಬಂದು ಬಿದ್ದಾಗ ಮಾಲಾ ಅದೇ ಸೈಟಿನ ಇನ್ನೊಂದು ಮೂಲೆಯಲ್ಲಿ ಕೂತು ದಂಟಿನ ಸೊಪ್ಪು ಕೀಳುತ್ತಿದ್ದಳು. ಮೂರು ಮಡಿ ಕೊತ್ತಂಬರಿ ಜಲ್ಲಿಯ ಅಡಿಗೆ ಹೋಯಿತು. ಬೇಡ ಅನ್ನುವುದಕ್ಕೆ ಸೈಟು ಅವಳದ್ದಾಗಿರಲಿಲ್ಲ. ಪಕ್ಕದ ವಠಾರದಲ್ಲಿ ಬಾಡಿಗೆಗಿದ್ದವಳು, ಹಾವು ಹುಳ ಸೇರಿಕೊಳ್ಳದ ಹಾಗೆ ಚೊಕ್ಕಟವಾಗಿಟ್ಟುಕೊಳ್ಳುತ್ತೇನೆ ಎಂದು ಸೈಟಿನ ಯಜಮಾನರನ್ನು ಕೇಳಿಕೊಂಡು ಆರು ವರ್ಷದಿಂದ ಅಲ್ಲಿ ಸೊಪ್ಪು ಬೆಳೆಯುತ್ತಿದ್ದಳು. ಆಷಾಢ ಕಳೆದ ಮೇಲೆ ಗುದ್ದಲಿ ಪೂಜೆ ಎಂದು ಯಜಮಾನರು ಫೋನಿನಲ್ಲಿ ಹೇಳಿದರು. ಬೇಜಾರು ಮಾಡಿಕೊಳ್ಳಬೇಡ ಎಂದೂ ಹೇಳಿದರು.

ಊರಿಂದ ಬಂದಾಗ ಅವಳು ಗಾರೆ ಕೆಲಸದ ಕೂಲಿ. ಬೇಸಾಯ ಅಂದರೆ ಇನ್ನೊಬ್ಬರ ಹೊಲದಲ್ಲಿ ಕಳೆ ಕಿತ್ತು ಗೊತ್ತೇ ಹೊರತು ಬೀಜ ಯಾವಾಗ ಹಾಕಬೇಕು, ನೀರು ಎಷ್ಟು ಬೇಕು ಎಂದು ಅವಳನ್ನು ಕೇಳಿದವರು ಯಾರೂ ಇರಲಿಲ್ಲ. ಆ ಸೈಟು ಕಲಿಸಿತು. ಮೊದಲ ವರ್ಷ ಪಾಲಕ್ಕನ್ನು ಹುಳ ತಿಂದಿತು. ಎರಡನೇ ವರ್ಷ ಅರ್ಧ ಅವಳಿಗೆ, ಅರ್ಧ ಹುಳಕ್ಕೆ. ಮೂರನೇ ವರ್ಷದಿಂದ ಚಾಮರಾಜಪುರಂನ ಹದಿನಾಲ್ಕು ಮನೆಗಳಿಗೆ ಅವಳದೇ ಸೊಪ್ಪು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಕಟ್ಟು ಕಟ್ಟಿ, ಗಂಡ ಸಿದ್ದುವಿನ ಲಗೇಜ್ ಆಟೊದಲ್ಲಿ ಹಾಕಿಕೊಂಡು ಹೋಗಿ ಮಾರಿ ಬಂದು, ಮಗಳನ್ನು ಸ್ಕೂಲಿಗೆ ಕಳಿಸಿ, ಆಮೇಲೆ ಹಾಸ್ಟೆಲಿನಲ್ಲಿ ಪಾತ್ರೆ ತೊಳೆಯಲು ಹೋಗುವುದು. ಇಡೀ ದಿನದಲ್ಲಿ ಯಾರೂ ಅವಳಿಗೆ ಹೀಗೆ ಮಾಡು, ಹಾಗೆ ಮಾಡು ಅನ್ನದ ಹೊತ್ತೆಂದರೆ ಆ ಮಡಿಗಳ ನಡುವಿನದೊಂದೇ. ಅದನ್ನು ಬಿಟ್ಟು ಬದುಕುವುದಕ್ಕೆ ಅವಳಿಗೆ ಮನಸ್ಸಿರಲಿಲ್ಲ.

ಅವತ್ತಿಂದ ಭಾನುವಾರ ಬಂದರೆ ಗಂಡ ಹೆಂಡತಿ ಆಟೊ ಹತ್ತಿ ನೆಲ ಹುಡುಕಲು ಹೊರಟರು. ಇಲವಾಲದ ಕಡೆ, ವರುಣಾದ ಕಡೆ, ಜಯಪುರದ ಕಡೆ. ಎಲ್ಲಿ ಹೋದರೂ ಬೇಲಿಗೆ ಫೋನ್ ನಂಬರಿನ ಬೋರ್ಡು. ಎಕರೆ, ಗುಂಟೆ ಎನ್ನುವ ಮಾತನ್ನೇ ಜನ ಮರೆತ ಹಾಗಿತ್ತು, ಎಲ್ಲ ಚದರಡಿ. ಈಗ ಯಾರು ಬೇಕಾದರೂ ಹೊಲ ತಗೋಬಹುದು ಅಂತ ಕಾನೂನಾಗಿದೆಯಲ್ಲ ಎಂದು ಸಿದ್ದು ಕೇಳಿದ್ದಕ್ಕೆ ಒಬ್ಬ ಬ್ರೋಕರು ನಕ್ಕು, "ಅದಕ್ಕೇ ಕಣಣ್ಣ, ಯಾರು ಬೇಕಾದ್ರೂ ತಗೋತಾವ್ರೆ" ಎಂದ.

ಕೊಳ್ಳುವ ಆಸೆ ಎರಡು ವಾರಕ್ಕೇ ಬಿಟ್ಟುಹೋಯಿತು. ಗುತ್ತಿಗೆಗಾದರೂ ಸಿಕ್ಕೀತೆಂದು ಕೇಳತೊಡಗಿದರು. ಒಂದು ಊರಿನಲ್ಲಿ ಮಜ್ಜಿಗೆ ಕೊಟ್ಟು ಕೂರಿಸಿ, ಹೊಲ ತೋರಿಸಿ, ಮಾತು ಮುಗಿಯುವ ಹೊತ್ತಿಗೆ ನೀವು ಯಾರ ಪೈಕಿ ಎಂದು ಕೇಳಿದರು. ಸಿದ್ದು ಹೇಳಿದ. ಆ ಮನುಷ್ಯ ಸ್ವಲ್ಪ ಹೊತ್ತು ಎಲೆಯಡಿಕೆ ಜಗಿದು, ಹೊಲವನ್ನು ಹೋದ ವಾರವೇ ಭಾಮೈದನಿಗೆ ಮಾತು ಕೊಟ್ಟುಬಿಟ್ಟಿದ್ದು ಈಗ ನೆನಪಾಯಿತು ಎಂದ.

ಹೀಗಿರುವಾಗ ಚಾಮರಾಜಪುರಂನ ಸುಂದರಮ್ಮನವರೇ ಒಂದು ದಿನ ವಿಷಯ ತೆಗೆದರು. ಇನ್ನು ಒಂದು ತಿಂಗಳಷ್ಟೇ ಸೊಪ್ಪು ತರುವುದು ಎಂದು ಮಾಲಾ ಹೇಳಿದಾಗ ಅವರು ಕೀರೆ ಕಟ್ಟನ್ನು ಕೈಯಲ್ಲೇ ಹಿಡಿದು, ಮಂಡಕಳ್ಳಿಯಲ್ಲಿ ತಮ್ಮದೊಂದು ಒಂದೂಕಾಲು ಎಕರೆ ಬೀಳು ಬಿದ್ದಿದೆ, ಯಜಮಾನರನ್ನು ಕೇಳಿ ನೋಡುತ್ತೇನೆ ಎಂದರು. ಅವರ ಯಜಮಾನರು ಶಾಮಣ್ಣನವರು ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಎಂಬತ್ತು ದಾಟಿದರೂ ಪೇಪರನ್ನು ಕನ್ನಡಕವಿಲ್ಲದೆ ಓದುವವರು.

ಮಾಲಾ ಹೋಗಿ ನೋಡಿದಳು. ಪಾರ್ಥೇನಿಯಂ ಎದೆಮಟ್ಟ ಬೆಳೆದಿತ್ತು, ಬದುವಿನ ಉದ್ದಕ್ಕೂ ಜಾಲಿ. ಆದರೆ ಕಳೆ ಕಿತ್ತ ಕಡೆ ಮಣ್ಣು ಕೆಂಪಗೆ, ಬೆರಳಿಗೆ ಪುಡಿಯಾಗುವಂತಿತ್ತು. ಪಕ್ಕದ ಹೊಲದವರು ಬೋರಿನ ನೀರು ಕೊಡಲು ಒಪ್ಪಿದರು. ಅವಳು ನಡೆದು ನಡೆದು ಅಳತೆ ಹಾಕುವಾಗ ಪಕ್ಕದ ನಿಲ್ದಾಣಕ್ಕೆ ಇಳಿಯುವ ವಿಮಾನವೊಂದು ತಲೆಯ ಮೇಲೆ ತೀರ ಕೆಳಗೆ ಹಾದುಹೋಯಿತು; ಅವಳು ತಲೆ ಎತ್ತಲಿಲ್ಲ. ಇಲ್ಲಿ ರಾಗಿ, ಅಲ್ಲಿ ಅವರೆ, ನೀರು ಹತ್ತಿರವಿರುವ ಕಡೆ ಸೊಪ್ಪು ಎಂದು ಆಗಲೇ ಮನಸ್ಸಿನಲ್ಲಿ ಮಡಿ ಕಟ್ಟಿ ಮುಗಿಸಿದ್ದಳು.

ಶಾಮಣ್ಣನವರು ಕೇಳಿದ ಗುತ್ತಿಗೆ ಹೆಚ್ಚಿನದಲ್ಲ. ಷರತ್ತುಗಳು ಮಾತ್ರ ಬೇರೆ ಇದ್ದವು. ಒಂದು ಬೆಳೆ ಮುಗಿದ ಮೇಲೆ ಜಮೀನು ಬಿಟ್ಟುಕೊಡಬೇಕು, ಮತ್ತೆ ಕೊಡುವುದು ಬಿಡುವುದು ಅವರಿಷ್ಟ. ಮರ ನೆಡಕೂಡದು, ನುಗ್ಗೆ, ಕರಿಬೇವೂ ಕೂಡದು. ಗುಡಿಸಲು ಹಾಕಕೂಡದು. ಎಲ್ಲಕ್ಕಿಂತ ಮೇಲಾಗಿ, ತಾನು ಆ ಜಮೀನಿನಲ್ಲಿ ದಿನಗೂಲಿ ಆಳು ಎಂದು ಛಾಪಾ ಕಾಗದದಲ್ಲಿ ಅವಳು ಬರೆದುಕೊಡಬೇಕು.

ಆ ಕೊನೆಯ ಮಾತು ಕೇಳಿ ಮನೆಯಲ್ಲಿ ಮಾವ ಮಂಟಯ್ಯ ಊಟದ ತಟ್ಟೆ ಪಕ್ಕಕ್ಕಿಟ್ಟ. ಎಪ್ಪತ್ತಾರು ವರ್ಷದ ಮುದುಕ, ಹೆಚ್ಚು ಮಾತಾಡದವನು. ಅವತ್ತು ಮಾತಾಡಿದ. ಉಳುವವನಿಗೇ ಭೂಮಿ ಎಂದು ಕಾನೂನು ಬಂದ ಕಾಲದಲ್ಲಿ ಅವನು ಊರ ಗೌಡರ ಮೂರು ಎಕರೆಯನ್ನು ವಾರಕ್ಕೆ ಮಾಡುತ್ತಿದ್ದ, ಬೆಳೆದದ್ದರಲ್ಲಿ ಅರ್ಧ ಅವರಿಗೆ. ಉಳಿದ ಗೇಣಿದಾರರೆಲ್ಲ ಉಳುವ ನೆಲ ತಮ್ಮದೆಂದು ಡಿಕ್ಲರೇಷನ್ ಹಾಕಿದರು. ಗೌಡರು ಇವನನ್ನು ಕರೆಸಿ, ನಿನ್ನ ಮಕ್ಕಳ ಕಾಲದವರೆಗೂ ನೀನೇ ಮಾಡ್ಕೋ, ಆದರೆ ಭೂ ನ್ಯಾಯ ಮಂಡಳಿಯ ಮುಂದೆ ನಾನು ಗೇಣಿದಾರನಲ್ಲ, ಕೂಲಿ ಎಂದು ಹೇಳು ಎಂದರು. ಅವರ ಮನೆಯ ಅನ್ನ ತಿಂದವನು; ಇಲ್ಲ ಅನ್ನಲು ಬಾಯಿ ಬರಲಿಲ್ಲ. ಹಾಗೇ ಹೇಳಿ ಹೆಬ್ಬೆಟ್ಟು ಒತ್ತಿದ. ಗೌಡರು ಸತ್ತ ವರ್ಷವೇ ಅವರ ಮಕ್ಕಳು, ಕೂಲಿಯವನು ತಾನೆ, ಹೊಲ ಬಿಟ್ಟು ಏಳು ಎಂದರು.

"ಅದ್ಕೇ ಯೋಳ್ತೀನಿ ಕಣವ್ವ, ಆ ಒಂದು ಮಾತ ಮಾತ್ರ ಬರ್ಕೊಡಬ್ಯಾಡ."

ಮಾಲಾ ತಡವರಿಸದೆ ಹೇಳಿದಳು: "ನಿಮ್ಗೆ ಬುಟ್ಕೊಡಕ್ಕಾದ್ರೂ ಒಂದು ನೆಲ ಇತ್ತು ಮಾವ. ನನಗೆ ಅದೂ ಇಲ್ಲ."

ಸಾಕ್ಷಿಗೆ ಒಬ್ಬರು ಬೇಕೆಂದು ಶಾಮಣ್ಣನವರು ಹೇಳಿ ಕಳಿಸಿದ್ದರಿಂದ ಬುಧವಾರ ಬೆಳಿಗ್ಗೆ ಮುದುಕ ತಾನೇ ಶರಟು ಹಾಕಿಕೊಂಡು ಬಂದು ಆಟೊ ಹತ್ತಿ ಕೂತ.

ಚಾಮರಾಜಪುರಂನ ಆ ಮನೆಯ ಹಜಾರದೊಳಕ್ಕೆ ಮಾಲಾ ಕಾಲಿಟ್ಟದ್ದು ಅದೇ ಮೊದಲು. ಇಷ್ಟು ವರ್ಷ ಅವಳ ವ್ಯಾಪಾರ ಗೇಟಿನ ಹತ್ತಿರವೇ ಮುಗಿಯುತ್ತಿತ್ತು. ಸುಂದರಮ್ಮ ಕುರ್ಚಿ ತೋರಿಸಿದರು. ಮಾಲಾ ಕೂತಳು, ಸಿದ್ದು ಕೂತ. ಮಂಟಯ್ಯ ಕಂಬದ ಪಕ್ಕ ನೆಲದಲ್ಲೇ ಕೂತ, ಎಷ್ಟು ಹೇಳಿದರೂ ಏಳಲಿಲ್ಲ.

ಸಹಿ ಹಾಕುವವರಿಗೆ ಕಾಗದವನ್ನು ಓದಿ ಹೇಳುವುದು ಶಾಮಣ್ಣನವರ ಕೋರ್ಟಿನ ಅಭ್ಯಾಸ. ಗಂಟಲು ಸರಿಮಾಡಿಕೊಂಡು ಓದಿದರು. ಮಾಲಾ ಕೋಂ ಸಿದ್ದು, ಸುಮಾರು ಮೂವತ್ತೇಳು ವರ್ಷ, ಸದರಿ ಜಮೀನಿನಲ್ಲಿ ದಿನಗೂಲಿ ಆಳಾಗಿ ಕೆಲಸ ಮಾಡತಕ್ಕವಳು, ಯಾವ ಹಕ್ಕೂ ಇರುವುದಿಲ್ಲ. ಓದಿ ಮುಗಿಸಿ, ಬೇಸರ ಮಾಡ್ಕೋಬೇಡಮ್ಮ ಎಂದರು. ಅವರ ತಂದೆ ಅರಮನೆಯ ನೌಕರಿಯಲ್ಲಿದ್ದಾಗ ಮೂವತ್ತು ಎಕರೆ ಇತ್ತಂತೆ. ಗೇಣಿದಾರರು ಒಬ್ಬೊಬ್ಬರಾಗಿ ಅರ್ಜಿ ಹಾಕಿ ಎಲ್ಲ ಹೋಯಿತು. ಇದಿಷ್ಟೇ ಉಳಿದದ್ದು. ಅದಕ್ಕೇ ಹೆದರಿಕೆ, ಅಷ್ಟೇ ಹೊರತು ನಿನ್ನ ಮೇಲೆ ಅಪನಂಬಿಕೆಯಲ್ಲ ಎಂದು ಪೆನ್ನು ಮುಂದೆ ಚಾಚಿದರು.

ಮಾಲಾ ಪೆನ್ನು ತೆಗೆದುಕೊಂಡಳು.

"ಇದು ಎಂಗೆ ಉಳೀತು ಬುದ್ಧಿ?"

ಕೇಳಿದ್ದು ಮಂಟಯ್ಯ. ಎಲ್ಲರೂ ಕಂಬದ ಕಡೆ ತಿರುಗಿದರು. ಶಾಮಣ್ಣನವರು ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಮೇಜಿನ ಮೇಲಿನ ಕಾಗದವನ್ನು ನೇರ ಮಾಡಿದರು.

"ಉಳುತ್ತಿದ್ದವನು ಕೂಲಿಯವನು ಅಂತ ಮಂಡಳಿ ಮುಂದೆ ಹೇಳಿದ. ನಮ್ಮ ತಂದೆ ಹೇಳಿಸಿದರು."

"ಆಮ್ಯಾಕೆ ಅವ್ನು?"

"ಒಂದೆರಡು ವರ್ಷ ಇದ್ದ. ಆಮೇಲೆ ಎಲ್ಲಿಗೋ ಹೋದ."

"ಅವನ ಎಸ್ರೇನು ಬುದ್ಧಿ?"

ಶಾಮಣ್ಣನವರು ನೆನಪು ಮಾಡಿಕೊಳ್ಳಲು ನೋಡಿದರು. ತುಟಿ ಆಡಿತು. ಹೆಂಡತಿಯ ಮುಖ ನೋಡಿದರು. ಸುಂದರಮ್ಮನವರು ಆ ಮನೆಗೆ ಸೊಸೆಯಾಗಿ ಬಂದದ್ದೇ ಅದಾದ ಮೇಲೆ. ಕೊನೆಗೆ ಶಾಮಣ್ಣನವರು, ಗೊತ್ತಿಲ್ಲ ಎಂದು ತಲೆಯಾಡಿಸಿದರು.

ಮಾಲಾ ಪೆನ್ನನ್ನು ಮೇಜಿನ ಮೇಲಿಟ್ಟಳು. ಹಾಗೆ ಇಡಬೇಕೆಂದು ಅವಳು ಬಂದಿರಲಿಲ್ಲ. ಜಲ್ಲಿ ಬಿದ್ದ ಸೈಟು, ಕೆಂಪು ಮಣ್ಣು, ಬರುವ ಸೋಮವಾರ ಉಳುಮೆಗೆ ಹೇಳಿಟ್ಟಿದ್ದ ಟ್ರ್ಯಾಕ್ಟರು ಎಲ್ಲವೂ ಕಣ್ಣ ಮುಂದಿದ್ದವು. ಆದರೂ ಇಟ್ಟಳು.

"ಸಾರ್, ನಾನು ಕೂಲಿ ಅಂತ ಆದ್ರೆ ದಿನಾ ಕೂಲಿ ಕೊಡಿ, ಬೆಳೆ ನಿಮ್ದು. ಬೆಳೆ ನಂದು, ಗುತ್ತಿಗೆ ದುಡ್ಡು ನಂದು ಅಂದ್ಮೇಲೆ ಕೂಲಿ ಅಂತ ಎಂಗೆ ಬರ್ಕೊಡ್ಲಿ?"

ಶಾಮಣ್ಣನವರು ಬಂದ ನಗುವನ್ನು ತಡೆದುಕೊಂಡರು. ಮೂವತ್ತು ವರ್ಷ ವಕೀಲರ ವಾದ ಕೇಳಿದ್ದೇನೆ, ನೀನು ಹೇಳುವುದು ಸರಿ, ಆದರೆ ಕಾಗದವಿಲ್ಲದೆ ಜಮೀನು ಕೊಡುವ ಧೈರ್ಯವೂ ಇಲ್ಲ ಎಂದರು.

ಆಗ ಮಂಟಯ್ಯ ಕಂಬ ಹಿಡಿದುಕೊಂಡು ಎದ್ದ. ತಾನು ಒಂದು ಸಲ ಮಾತು ಕೊಟ್ಟು ಮೂರು ಎಕರೆ ಬಿಟ್ಟವನು. ಸೊಸೆಯ ಪರವಾಗಿ ತಾನೇ ಮಾತು ಕೊಡುತ್ತೇನೆ, ಈ ನೆಲದ ಮೇಲೆ ನಮ್ಮವರು ಯಾರೂ ಹಕ್ಕು ಕೇಳುವುದಿಲ್ಲ ಎಂದು ಕೈ ಮುಗಿಯಲು ಹೋದ.

ಮಾಲಾ ಅವನ ಎರಡೂ ಕೈ ಹಿಡಿದುಕೊಂಡಳು. "ಬ್ಯಾಡ ಮಾವ. ನೀವು ಕೊಟ್ಟಿದ್ದು ಸಾಕು." ಆಮೇಲೆ ಶಾಮಣ್ಣನವರ ಕಡೆ ತಿರುಗಿದಳು. "ನಾನು ಹಕ್ಕು ಕೇಳಲ್ಲ ಅಂತ ಬರ್ಕೊಡ್ತೀನಿ ಸಾರ್. ನೀವು ಐದು ವರ್ಷ ಎಬ್ಬಿಸಲ್ಲ ಅಂತ ಬರ್ಕೊಡಿ. ಎರಡೂ ಒಂದೇ ಕಾಗದದಲ್ಲಿ ಇರಲಿ."

"ಅಂಥ ಗುತ್ತಿಗೆ ಕೋರ್ಟಿನಲ್ಲಿ ನಿಲ್ಲಲ್ಲ ಕಣಮ್ಮ. ಕಾನೂನೇ ಒಪ್ಪಲ್ಲ."

"ಈಗ ನಮ್ಮ ಹತ್ರ ಇರೋ ನೆಲ ನಿಂತಿರೋದಾದ್ರೂ ಯಾತರ ಮೇಲೆ?" ಎಂದರು ಸುಂದರಮ್ಮ, ಅಡುಗೆಮನೆಯ ಬಾಗಿಲಲ್ಲೇ ನಿಂತು. "ಬರೀರಿ ಅತ್ಲಾಗೆ."

ಶಾಮಣ್ಣನವರು ಗೋಡೆಯ ಕಡೆ ತಿರುಗಿದರು. ಅಲ್ಲಿ ಅವರ ತಂದೆಯ ಪಟವಿತ್ತು. ಅದನ್ನು ನೋಡಿದರೋ ಅದರ ಪಕ್ಕದ ಕ್ಯಾಲೆಂಡರನ್ನೋ ಹೇಳುವುದು ಕಷ್ಟ. ಐದು ಆಗುವುದಿಲ್ಲ, ಮೂರು ಎಂದರು. ಮರ ಬೇಡ. ಮಾಲಾ ಒಪ್ಪಿದಳು. ಅವರು ಛಾಪಾ ಕಾಗದವನ್ನು ಎತ್ತಿಟ್ಟು ಬರಿ ಬಿಳಿ ಹಾಳೆ ತೆಗೆದುಕೊಂಡು, ನಿಧಾನವಾಗಿ, ತಮ್ಮ ಹೆಸರು ಮೊದಲು, ಅವಳ ಹೆಸರು ಆಮೇಲೆ ಬರೆದರು. ಉದ್ಯೋಗ ಎಂದು ಬರೆದು ತಲೆ ಎತ್ತಿದರು. ಮಾಲಾ, ಬೇಸಾಯ ಎಂದಳು. ಅವರು ಹಾಗೇ ಬರೆದುಕೊಂಡರು.

ಇಬ್ಬರೂ ಸಹಿ ಹಾಕಿದರು. ಸಾಕ್ಷಿಗೆಂದು ಇಂಕಿನ ಪ್ಯಾಡು ಮುಂದೆ ತಳ್ಳಿದಾಗ ಮಂಟಯ್ಯ ಕೈ ಹಿಂದಕ್ಕೆ ಕಟ್ಟಿಕೊಂಡ. ಇನ್ನು ಯಾವ ಕಾಗದಕ್ಕೂ ತಾನು ಹೆಬ್ಬೆಟ್ಟು ಒತ್ತುವುದಿಲ್ಲ, ಇದು ಒಳ್ಳೇದೇ ಇರಬಹುದು, ಆದರೂ ಇಲ್ಲ ಎಂದ. ಯಾರೂ ಬಲವಂತ ಮಾಡಲಿಲ್ಲ. ಸುಂದರಮ್ಮನವರು ಸೆರಗಿಗೆ ಕೈ ಒರೆಸಿಕೊಂಡು ಬಂದು ಸಾಕ್ಷಿಯ ಜಾಗದಲ್ಲಿ ತಮ್ಮ ಹೆಸರು ಬರೆದರು.

ಹೊರಗೆ ಬಂದು ಆಟೊ ಹತ್ತಿದ ಮೇಲೆ ಮುದುಕ ಎಷ್ಟು ವರ್ಷ ಎಂದು ಮತ್ತೆ ಕೇಳಿದ. ಮೂರು ಎಂದಳು ಮಾಲಾ. ಅವನು ಬೆರಳು ಮಡಿಸುತ್ತಾ, ಮೂರು ಮುಂಗಾರು, ಮೂರು ರಾಗಿ ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಸಿದ್ದು ಆಟೊವನ್ನು ಹಿನಕಲ್ ಕಡೆಗೆ ತಿರುಗಿಸಲು ಹೊರಟಾಗ ಮುದುಕ ಅವನ ಭುಜ ಮುಟ್ಟಿದ.

"ಮನೆಗೆ ಬ್ಯಾಡ ಕಣ್ಲಾ. ಮಂಡಕಳ್ಳಿಗೆ ನಡಿ. ಟ್ರ್ಯಾಕ್ಟರ್‌ನವನ್ಗೆ ಫೋನ್ ಮಾಡಿ ಇವತ್ತೇ ಬರೇಳು. ಅವ್ರು ಮನ್ಸು ತಿರುಗ್ಸೋಕೆ ಮುಂಚೆ ಒಂದು ಸಾಲಾದ್ರೂ ಉತ್ತುಬುಡಾವ."